ಮದ್ದು ಕೈಕೊಟ್ಟರೆ ಕೋಟೆಯೂ ಕೈಬಿಟ್ಟಂತೆ

ಬೆಳಗಾವಿ ಕೋಟೆಯದ್ದು ಸಿಡಿಮದ್ದಿನ ಚರಿತ್ರೆ. 1473ರ ಸುಮಾರಿಗೆ ಬಹಮನಿ ವಜೀರ ಮಹಮೂದ್ ಗವಾನ್ ಗೋಡೆಯಡಿ ಸುರಂಗ ತೋಡಿಸಿ ಮದ್ದು ಸಿಡಿಸಿದ. ದಖನ್ನಿಗೆ ಈ ತಂತ್ರ ಹೊಸದೆಂದು ಫೆರಿಶ್ತಾ ಬರೆದಿದ್ದಾನೆ.

ಪೆಟ್ಲುಪ್ಪು, ಗಂಧಕ, ಇದ್ದಿಲು: ಮೂರೂ ಹದವಾಗಿ ಬೆರೆಯಬೇಕು, ಒಣಗಿರಬೇಕು, ಕಾಳಿನ ಗಾತ್ರವೂ ಒಂದೇ ಇರಬೇಕು. ಇಲ್ಲದಿದ್ದರೆ ಒಂದು ಪೀಪಾಯಿಯ ಮದ್ದಿಗೆ ಗುಂಡು ದೂರ ಹಾರುತ್ತದೆ, ಇನ್ನೊಂದಕ್ಕೆ ಹತ್ತಿರವೇ ಬೀಳುತ್ತದೆ. ಬ್ರಿಟಿಷರು ಇದಕ್ಕೆಂದೇ ಪುಟ್ಟ ಫಿರಂಗಿಯಿಂದ ಗುಂಡು ಹಾರಿಸಿ, ದೂರ ಅಳೆದು ಮದ್ದನ್ನು ಪರೀಕ್ಷಿಸುತ್ತಿದ್ದರು.

ಕಿತ್ತೂರಿನ ನೋವೂ ಮದ್ದಿನದ್ದೇ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ ಕೋಟೆ ಡಿಸೆಂಬರ್‌ನಲ್ಲಿ ಬಿತ್ತು. ದ್ರೋಹಿಗಳು ಮದ್ದಿಗೆ ಸಗಣಿ ಬೆರೆಸಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ಇದು ಜನಪದದ ನೆನಪು. ಆದರೂ ಹಸಿ ಸಗಣಿ ಬೆರೆತ ಮದ್ದು ಸರಿಯಾಗಿ ಹೊತ್ತಿಕೊಳ್ಳದೆಂಬುದು ನಿಜ. ಸೆರೆಸಿಕ್ಕ ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಬಂಧನದಲ್ಲೇ ತೀರಿಕೊಂಡಳು.