ಮುನ್ನೂರು ಗ್ರಾಂ ಕ್ಯಾಲಿಪರ್‌ನ ಆಚೆ

ಅಂಗವಿಕಲರಿಗಾಗಿ ಹೈದರಾಬಾದಿನಲ್ಲಿ ನಡೆದ ಸಂಶೋಧನೆ ಎಂದೊಡನೆ ನೆನಪಾಗುವುದು ಅಬ್ದುಲ್ ಕಲಾಂ ಮತ್ತೆ ಮತ್ತೆ ಹೇಳುತ್ತಿದ್ದ ಕ್ಯಾಲಿಪರ್ ಪ್ರಸಂಗ. 1990ರ ದಶಕದಲ್ಲಿ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯ ಮೂಳೆ ವೈದ್ಯರೊಬ್ಬರು ಕಲಾಂ ಅವರ ಕ್ಷಿಪಣಿ ಪ್ರಯೋಗಾಲಯಕ್ಕೆ ಬಂದಿದ್ದರು. ಕ್ಷಿಪಣಿಗೆಂದು ರೂಪಿಸಿದ್ದ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿ, ಅದು ಇಷ್ಟು ಹಗುರವೇ ಎಂದು ಬೆರಗಾಗಿ, ಕಲಾಂ ಅವರನ್ನು ತಮ್ಮ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮಕ್ಕಳು ಮೂರು ಕಿಲೋಗೂ ಹೆಚ್ಚು ತೂಕದ ಲೋಹದ ಕ್ಯಾಲಿಪರ್ ಕಟ್ಟಿಕೊಂಡು ಕಾಲೆಳೆಯುತ್ತಿದ್ದರು. ಮೂರೇ ವಾರದಲ್ಲಿ 300 ಗ್ರಾಂ ತೂಕದ್ದು ತಯಾರಾಯಿತು.

ಈ ಸಾಧನದ ಹೆಸರು ಫ್ಲೋರ್ ರಿಯಾಕ್ಷನ್ ಆರ್ಥೋಸಿಸ್. ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ ಒಂದು ಗಟ್ಟಿ ಕವಚವಿರುತ್ತದೆ. ಮುಂಗಾಲು ನೆಲಕ್ಕೆ ಊರಿದಾಗ ನೆಲದಿಂದ ಬರುವ ಪ್ರತಿಬಲ ಆ ಕವಚದ ಮೂಲಕ ಮೊಣಕಾಲನ್ನು ಹಿಂದಕ್ಕೊತ್ತಿ ನೇರವಾಗಿ ನಿಲ್ಲಿಸುತ್ತದೆ. ತೊಡೆಯ ಸ್ನಾಯು ಸೋತಿದ್ದರೂ ಕಾಲು ಕುಸಿಯುವುದಿಲ್ಲ, ತೊಡೆಯವರೆಗೆ ಕಂಬಿ ಕಟ್ಟುವುದೂ ಬೇಕಿಲ್ಲ. ತೂಕ ಇಳಿದದ್ದು ವಸ್ತುವಿನಿಂದ ಮಾತ್ರವಲ್ಲ, ಮೂಳೆ ವೈದ್ಯರಿಗೆ ಮೊದಲೇ ಗೊತ್ತಿದ್ದ ಈ ಉಪಾಯದಿಂದಲೂ ಹೌದು. ಕಥೆ ಹೇಳುವವರು ಕ್ಷಿಪಣಿಯನ್ನು ಮರೆಯುವುದಿಲ್ಲ, ಉಪಾಯವನ್ನು ಮರೆಯುತ್ತಾರೆ. ಮಗು ಬೆಳೆಯುತ್ತದೆ, ಕವಚ ಬೆಳೆಯುವುದಿಲ್ಲ ಎಂಬುದನ್ನಂತೂ ಯಾರೂ ಹೇಳುವುದಿಲ್ಲ. ಮತ್ತೆ ಅಳತೆ ತೆಗೆದು, ಮತ್ತೆ ಅಚ್ಚು ಹಾಕುವ ಕುಶಲಕರ್ಮಿ ಊರಿಗೆ ಹತ್ತಿರ ಇಲ್ಲದಿದ್ದರೆ ಎರಡನೇ ವರ್ಷಕ್ಕೆ ಅದು ಅಟ್ಟ ಸೇರುತ್ತದೆ.

ಸಾಧನ ಮಾಡುವುದರಲ್ಲಿ ತೋರಿದ ಆತುರ ಬಳಸುವವರನ್ನು ವಿಚಾರಿಸುವುದರಲ್ಲಿ ಇರಲಿಲ್ಲ. ಆ ಕೆಲಸ ಬೇರೊಂದು ಕಡೆ ನಡೆಯಿತು. ಗುಲ್ಲಪಲ್ಲಿ ಎನ್. ರಾವ್ 1987ರಲ್ಲಿ ಕಟ್ಟಿದ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಶಸ್ತ್ರಚಿಕಿತ್ಸೆಯಿಂದಲೂ ಸರಿಹೋಗದ ಕಣ್ಣಿನವರ ಪುನರ್ವಸತಿಗೆ ಪ್ರತ್ಯೇಕ ಘಟಕವನ್ನೇ ತೆರೆಯಿತು. 2003ರಲ್ಲಿ ಅಲ್ಲಿನ ವಿಜಯಾ ಗೋತ್ವಾಲ್ ಮತ್ತು ಸಹೋದ್ಯೋಗಿಗಳು ದೃಷ್ಟಿ ಕುಂದಿದ ಶಾಲಾಮಕ್ಕಳಿಗಾಗಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಕಪ್ಪುಹಲಗೆಯ ಬರಹ ಕಾಣುತ್ತದೆಯೇ, ಬಸ್ಸಿನ ನಂಬರು ಓದಬಲ್ಲೆಯಾ, ಸೂಜಿಗೆ ದಾರ ಪೋಣಿಸಲು ಆಗುತ್ತದೆಯೇ: ಪ್ರಶ್ನೆಗಳು ಈ ಬಗೆಯವು. ಹೊರದೇಶದ ಪ್ರಶ್ನಾವಳಿಗಳು ನಮ್ಮ ಮಕ್ಕಳ ದಿನಚರಿಯನ್ನು ಕಂಡವಲ್ಲ. ಕ್ಯಾಲಿಪರ್‌ಗೆ ಸಿಕ್ಕ ಪ್ರಸಿದ್ಧಿಯ ನೂರನೇ ಒಂದು ಪಾಲೂ ಈ ಪ್ರಶ್ನಾವಳಿಗೆ ಸಿಗಲಿಲ್ಲ. ನನ್ನ ಲೆಕ್ಕದಲ್ಲಿ ದೊಡ್ಡ ಹೆಜ್ಜೆ ಇದೇ.

ಬೌದ್ಧಿಕ ಅಂಗವೈಕಲ್ಯಕ್ಕಾಗಿ 1984ರಲ್ಲಿ ಸಿಕಂದರಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆಯೂ ಮಕ್ಕಳ ಕಲಿಕೆಯನ್ನು ಅಳೆಯುವ ಭಾರತೀಯ ಮಾಪನಗಳನ್ನು ರೂಪಿಸಿತು. ತಂತ್ರಜ್ಞಾನದ ಮಂದಿ ಮಾತ್ರ ಆ ದಿಕ್ಕಿಗೆ ಹೆಚ್ಚು ಮುಖ ಮಾಡಲಿಲ್ಲ.

ಅವರನ್ನು ಸೆಳೆದದ್ದು ಭಾಷೆ. 1998ರಲ್ಲಿ ಶುರುವಾದ ಹೈದರಾಬಾದಿನ ಐಐಐಟಿಯಲ್ಲಿ ಕಿಶೋರ್ ಪ್ರಹಲ್ಲಾದ್, ಕಾರ್ನೆಗಿ ಮೆಲನ್‌ನ ಅಲನ್ ಬ್ಲ್ಯಾಕ್ ಜೊತೆ ಸೇರಿ, ಪಠ್ಯವನ್ನು ಮಾತಾಗಿಸಲು ಧ್ವನಿಯ ಯಾವ ಅಳತೆಯ ತುಣುಕು ಮೇಲು ಎಂದು ಪರೀಕ್ಷಿಸಿದರು. 2003ರ ಪ್ರಬಂಧದಲ್ಲಿ, ಹಿಂದಿಯ ಮಟ್ಟಿಗೆ, ಬಿಡಿ ಧ್ವನಿಗಳಿಗಿಂತ ಇಡೀ ಉಚ್ಚಾರಾಂಶವೇ ಗೆದ್ದಿತು. ಮುಂದೆ ಐಐಟಿ ಮದ್ರಾಸಿನ ನೇತೃತ್ವದ ಒಕ್ಕೂಟ ಭಾರತೀಯ ಭಾಷೆಗಳ ಧ್ವನಿಗಳನ್ನು ಸ್ಕ್ರೀನ್ ರೀಡರ್‌ಗಳಿಗೆ ಜೋಡಿಸತೊಡಗಿದಾಗ ಐಐಐಟಿ ಅದರಲ್ಲಿತ್ತು. ಎರಡನೇ ಹಂತದಲ್ಲಿ ಕನ್ನಡವೂ ಸೇರಿತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಪುಟವನ್ನು ಗುರುತಿಸುವ ಓಸಿಆರ್ ಮತ್ತು ಅದನ್ನು ಓದಿ ಹೇಳುವ ಧ್ವನಿ, ಎರಡರ ಮೇಲೂ ದುಡಿಯಿತು. ಅಂಧ ಓದುಗರಿಗೆ ಇವೆರಡೂ ಜೊತೆಗೇ ಬೇಕು. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಿಸಿದ, ಯೂನಿಕೋಡ್ ಅಲ್ಲದ ಕಡತವನ್ನು ಕೊಟ್ಟರೆ ಎಂಥ ಧ್ವನಿಯಾದರೂ ಓದುವುದು ಅರ್ಥವಿಲ್ಲದ ಅಕ್ಷರಗಳನ್ನೇ. ಸ್ಕ್ಯಾನ್ ಮಾಡಿದ ಪುಟಕ್ಕಂತೂ ಅದು ಬಾಯಿಯನ್ನೇ ಬಿಡದು.

ಐಐಐಟಿಯಲ್ಲೇ ಸಿ.ವಿ. ಜವಾಹರ್ ಅವರ ಗುಂಪು 2020ರಲ್ಲಿ ವಾವ್‌ಟುಲಿಪ್ ಪ್ರಕಟಿಸಿತು. ಯಾವುದೇ ಧ್ವನಿಗೆ ತಕ್ಕಂತೆ ವಿಡಿಯೊದ ತುಟಿ ಆಡಿಸುವ ತಂತ್ರವದು. ಡೀಪ್‌ಫೇಕ್ ಎಂದು ಹೆದರುವವರಿಗೆ ಕಾರಣವಿದೆ. ಆದರೆ ಕೃತಕ ಮುಖಗಳನ್ನು ಮಾತಾಡಿಸುವ ಈ ವಿದ್ಯೆಯನ್ನೇ ಅಲ್ಲಿಯವರು ಕಿವಿ ಕೇಳದವರಿಗೆ ತುಟಿ ನೋಡಿ ಮಾತು ತಿಳಿಯುವ ತರಬೇತಿಗೂ ಹೂಡಿದರು. ಅಂಥ ತರಬೇತಿಗೆ ಸಾವಿರಾರು ವಿಡಿಯೊ ಬೇಕು, ಪ್ರತಿಯೊಂದನ್ನೂ ನಟರಿಂದ ಚಿತ್ರಿಸುವುದು ದುಬಾರಿ.

ಇಷ್ಟೆಲ್ಲ ಆದರೂ ಸಂಶೋಧನೆ ಬಹುಕಾಲ ವ್ಯಕ್ತಿಯ ದೇಹವನ್ನೇ ಸರಿಪಡಿಸಲು ನೋಡಿತು. ಕಟ್ಟಡ, ಬಸ್ಸು, ಜಾಲತಾಣಗಳ ದೋಷ ಹುಡುಕಿದವರು ಅದೇ ಹೈದರಾಬಾದಿನ ಕಾನೂನು ಪಂಡಿತರು. ಪ್ರವೇಶಾನುಕೂಲ ಕುರಿತ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೋರಿದಂತೆ ನಾಲ್ಸಾರ್ ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರ ವರದಿ ಕೊಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ರೂಪಿಸಿದ ನಿಯಮ 15 ಪ್ರವೇಶಾನುಕೂಲವನ್ನು ಬರೀ ಶಿಫಾರಸಿನ ಮಟ್ಟಕ್ಕೆ ಇಳಿಸಿತ್ತು. 2024ರ ನವೆಂಬರ್ 8ರಂದು ಕೋರ್ಟು ಅದು ಕಾಯ್ದೆಗೇ ವಿರುದ್ಧವೆಂದು ತೀರ್ಪಿತ್ತು, ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ಗುರುತಿಸಲು ಕೇಂದ್ರಕ್ಕೆ ಸೂಚಿಸಿ, ಆ ಕೆಲಸದಲ್ಲಿ ನಾಲ್ಸಾರ್ ಕೇಂದ್ರವೂ ಇರಬೇಕೆಂದಿತು. ಕಡ್ಡಾಯ ಎಂಬುದು ನಿಜಕ್ಕೂ ಜಾರಿಯಾದರೆ ಕನ್ನಡನಾಡಿನಲ್ಲಿ ಮೊದಲು ಸಿಕ್ಕಿಬೀಳುವುದು, ಸಹಿ ಮೊಹರು ಬಿದ್ದ ಕಾಗದವನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿ ಕೈತೊಳೆದುಕೊಳ್ಳುವ ಕಚೇರಿಗಳೇ.