ಯಾರ ಹೆಜ್ಜೆ ಹಿಂದಕ್ಕೆ? ಬಹುಬಳಕೆದಾರ ತಂತ್ರಾಂಶಗಳಲ್ಲಿ ಅನ್‌ಡೂ ನಡೆದುಬಂದ ದಾರಿ

ಹಲವರು ಕೂಡಿ ಬರೆಯುವ ಎಡಿಟರ್ ಕಟ್ಟಲು ಹೊರಟ ಯುವ ಎಂಜಿನಿಯರುಗಳಿಂದ ಈಗ ಪದೇಪದೇ ಕೇಳುವ ಮಾತೊಂದಿದೆ: ಒಳ್ಳೆಯ ಸಿಆರ್‌ಡಿಟಿ (ಹಲವರ ಬದಲಾವಣೆಗಳನ್ನು ತಾನಾಗಿ ಒಂದಾಗಿಸುವ ದತ್ತಾಂಶ ರಚನೆ) ಲೈಬ್ರರಿ ಹಾಕಿಕೊಂಡರೆ ಅನ್‌ಡೂ, ರೀಡೂ ಅದರ ಜೊತೆಗೇ ಬರುತ್ತವೆ. ಈ ನಂಬಿಕೆ ತಪ್ಪು. ಎಲ್ಲರ ತೆರೆಯ ಮೇಲೂ ಕೊನೆಗೆ ಒಂದೇ ಪಠ್ಯ ಇರುವಂತೆ ನೋಡಿಕೊಳ್ಳುವುದು ಒಂದು ಸಮಸ್ಯೆ. ಆ ಪಠ್ಯ ಏನಾಗಿರಬೇಕು ಎಂದು ನಿರ್ಧರಿಸುವುದು ಬೇರೆಯೇ ಸಮಸ್ಯೆ. ಅನ್‌ಡೂ ಸೇರುವುದು ಎರಡನೆಯದಕ್ಕೆ. ಈ ಕ್ಷೇತ್ರದಲ್ಲಿ ದಶಕಗಟ್ಟಲೆ ನಡೆದ ಚಿಂತನೆ ಮರೆತುಹೋಗುತ್ತಿರುವುದರಿಂದ ಅದನ್ನು ಒಮ್ಮೆ ಒಟ್ಟಾಗಿ ನೋಡುವ ಅಗತ್ಯವಿದೆ.

ಒಬ್ಬರೇ ಬಳಸುವ ತಂತ್ರಾಂಶದ ಕಥೆ ಚಿಕ್ಕದು. ಬ್ರೌನ್ ವಿಶ್ವವಿದ್ಯಾಲಯದ ಫ್ರೆಸ್ ಎಡಿಟರ್ 1968ರ ಹೊತ್ತಿಗೇ ಅನ್‌ಡೂ ಒದಗಿಸಿತ್ತು. ವಾರೆನ್ ಟೈಟಲ್‌ಮನ್ ಅದನ್ನು ಲಿಸ್ಪ್ ಪ್ರೋಗ್ರಾಮರುಗಳ ಕೈಗೆ ಕೊಟ್ಟರು. ಆರ್ಚರ್, ಕಾನ್ವೇ, ಶ್ನೈಡರ್ 1984ರಲ್ಲಿ ಅದಕ್ಕೊಂದು ಶಿಸ್ತಿನ ಮಾದರಿ ಬರೆದರು. ತಟ್ಟೆ ಪೇರಿಸಿದಂತೆ ಆದೇಶಗಳನ್ನು ಪೇರಿಸುವುದು, ಮೇಲಿನದನ್ನು ಮೊದಲು ತೆಗೆಯುವುದು: ಒಬ್ಬರ ಮಟ್ಟಿಗೆ ಇಷ್ಟು ಸಾಕಿತ್ತು.

ಕ್ಲಾರೆನ್ಸ್ ಎಲ್ಲಿಸ್ ಮತ್ತು ಸೈಮನ್ ಗಿಬ್ಸ್ 1989ರಲ್ಲಿ ಗ್ರೋವ್ ಎಡಿಟರ್ ಕುರಿತ ಪ್ರಬಂಧದಲ್ಲಿ ಕಾರ್ಯಾಚರಣೆಗಳ ರೂಪಾಂತರ, ಅಂದರೆ ಓಟಿ ವಿಧಾನವನ್ನು ಮುಂದಿಟ್ಟಾಗ ಚಿತ್ರ ಬದಲಾಯಿತು. ಈಗ ಪೇರಿಕೆಯ ಮೇಲಿರುವ ಆದೇಶ ನನ್ನದೇ ಆಗಿರಬೇಕೆಂದಿಲ್ಲ. ನಾನು ಅನ್‌ಡೂ ಒತ್ತಿದರೆ ಸಹೋದ್ಯೋಗಿ ಬರೆದ ವಾಕ್ಯ ಮಾಯವಾಗಬಹುದು.

ಇದಕ್ಕೆ ಮೊದಲ ಗಟ್ಟಿ ಉತ್ತರ ಕೊಟ್ಟವರು ಮಿಶಿಗನ್ ವಿಶ್ವವಿದ್ಯಾಲಯದ ಅತುಲ್ ಪ್ರಕಾಶ್ ಮತ್ತು ಮೈಕೆಲ್ ನಿಸ್ಟರ್. 1992ರಲ್ಲಿ ಮಂಡಿಸಿ, 1994ರಲ್ಲಿ ವಿಸ್ತರಿಸಿದ ಅವರ ಚೌಕಟ್ಟಿನಲ್ಲಿ ಎಲ್ಲರ ಆದೇಶಗಳೂ ಒಂದೇ ಇತಿಹಾಸದಲ್ಲಿರುತ್ತವೆ. ಅದರಿಂದ ನನ್ನ ಆದೇಶವನ್ನಷ್ಟೇ ಆರಿಸಿ ಹಿಂತೆಗೆಯಬಹುದು. ನಂತರ ಬಂದ ಆದೇಶವೊಂದು ಅದನ್ನೇ ನೆಚ್ಚಿಕೊಂಡಿದ್ದರೆ ಅದು ಸಂಘರ್ಷ. ಆಗ ನೆಚ್ಚಿಕೊಂಡದ್ದನ್ನು ಮೊದಲು ತೆಗೆಯದೆ ಮುಂದುವರಿಯುವಂತಿಲ್ಲ. ಈ ಸಂಘರ್ಷದ ಕಲ್ಪನೆಯೇ ಇಡೀ ಕ್ಷೇತ್ರದ ಅತ್ಯಂತ ಬೆಲೆಬಾಳುವ ಕೊಡುಗೆ ಎಂದು ನನ್ನ ಎಣಿಕೆ.

ಕಷ್ಟ ಎಲ್ಲಿದೆ ಎಂದು ತಿಳಿಯಲು ಒಂದು ಉದಾಹರಣೆ ಸಾಕು. ತೆರೆಯ ಮೇಲೆ ‘ಮಳೆ ಬಂತು’ ಎಂದಿದೆ. ನಾನು ಮೊದಲಲ್ಲಿ ‘ಜೋರು ’ ಸೇರಿಸುತ್ತೇನೆ. ಸ್ವರಚಿಹ್ನೆಗಳೂ ಖಾಲಿ ಜಾಗವೂ ಸೇರಿ ಐದು ಯೂನಿಕೋಡ್ ಸಂಕೇತಗಳು. ನೀವು ಅದಕ್ಕೂ ಮುಂಚೆ ‘ಇಂದು ’ ಸೇರಿಸುತ್ತೀರಿ, ಅದೂ ಐದು. ಈಗ ನನ್ನ ಅನ್‌ಡೂ ‘ಮೊದಲ ಐದನ್ನು ಅಳಿಸು’ ಎಂದು ಕಣ್ಣುಮುಚ್ಚಿ ನಡೆದರೆ ಹೋಗುವುದು ನಿಮ್ಮ ‘ಇಂದು’. ಅಳಿಸಬೇಕಾದ ಜಾಗ ಐದು ಸ್ಥಾನ ಮುಂದಕ್ಕೆ ಸರಿಯಲೇಬೇಕು.

ಈ ಸರಿಸುವಿಕೆಗೆ ತರ್ಕಬದ್ಧ ಬುನಾದಿ ಹಾಕಿದ ದಶಕ ನನ್ನ ತಲೆಮಾರಿನ ಪಾಠಶಾಲೆಯಾಗಿತ್ತು. 1996ರಲ್ಲಿ ಮಥಿಯಾಸ್ ರೆಸೆಲ್ ಮತ್ತು ಸಂಗಡಿಗರು ಗುಂಪು ಅನ್‌ಡೂವನ್ನು ಓಟಿಯೊಳಗೇ ತಂದರು. ಚೆಂಗ್‌ಜೆಂಗ್ ಸುನ್ 2000ದಲ್ಲಿ, ಯಾವ ಆದೇಶವನ್ನಾದರೂ ಯಾವಾಗಲಾದರೂ ಹಿಂತೆಗೆಯುವ ವಿಧಾನವನ್ನು ಮುಂದಿಟ್ಟರು. ಮೂಲ ಆದೇಶದ ವಿಲೋಮವನ್ನು, ಆಮೇಲೆ ಬಂದ ಎಲ್ಲ ಆದೇಶಗಳ ಜೊತೆ ಏಕಕಾಲದಲ್ಲಿ ಹುಟ್ಟಿದ್ದೆಂದು ಭಾವಿಸಿ ರೂಪಾಂತರಿಸುವುದು ಅವರ ಸೂತ್ರ. ಗುರಿಯೂ ಸ್ಪಷ್ಟ: ಹಿಂತೆಗೆದ ಆದೇಶ ನಡೆದೇ ಇರಲಿಲ್ಲವೆಂಬ ಸ್ಥಿತಿ ಸಿಗಬೇಕು. ಒಂದೇ ಅಕ್ಷರವನ್ನು ಇಬ್ಬರೂ ಏಕಕಾಲದಲ್ಲಿ ಅಳಿಸಿ, ಒಬ್ಬರು ಮಾತ್ರ ಅನ್‌ಡೂ ಒತ್ತಿದರೆ? ಇನ್ನೊಬ್ಬರ ಅಳಿಸುವಿಕೆ ಉಳಿದಿದೆ, ಆದ್ದರಿಂದ ಅಕ್ಷರ ಮರಳಬಾರದು. ಇಷ್ಟು ನೇರವಾಗಿ ಪ್ರಶ್ನೆ ಕೇಳಿ ಉತ್ತರಿಸಿದ ಶಿಸ್ತು ಆಮೇಲೆ ಅಪರೂಪವಾಯಿತು.

ಉದ್ಯಮ ತಡವಾಗಿ ಎಚ್ಚೆತ್ತಿತು. ಜೆರಾಕ್ಸ್ ಪಾರ್ಕ್‌ನ 1995ರ ಜುಪಿಟರ್ ವಿಧಾನವನ್ನು ಆಧರಿಸಿ 2009ರಲ್ಲಿ ಹಲವರು ಕೂಡಿ ಬರೆಯುವ ಗೂಗಲ್ ವೇವ್ ಬಂತು. ಕ್ರಮೇಣ ಇಂಥ ತಂತ್ರಾಂಶಗಳಲ್ಲಿ ಅನ್‌ಡೂ ಎಂದರೆ ನನ್ನ ಬದಲಾವಣೆಗಳಷ್ಟೇ ಎಂಬ ಒಪ್ಪಂದ ಬಳಕೆಯಲ್ಲಿ ಬೇರೂರಿತು.

ಸಿಆರ್‌ಡಿಟಿ ಪರಂಪರೆಯಲ್ಲಿ ವೂಟ್ 2006ರಲ್ಲಿ, ಅನ್‌ಡೂ ಸಹಿತವಾದ ಲೋಗೂಟ್ 2010ರಲ್ಲಿ ಬಂದವು. ಎರಡನೆಯದು ಪ್ರತಿ ಸಾಲಿಗೂ ಗೋಚರತೆಯ ಎಣಿಕೆ ಇಡುತ್ತದೆ: ಸೇರಿಸಿದರೆ ಒಂದು ಕೂಡುತ್ತದೆ, ಅಳಿಸಿದರೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಸಾಲು ಕಾಣುತ್ತದೆ. ಇಬ್ಬರು ಅಳಿಸಿ ಒಬ್ಬರು ಹಿಂತೆಗೆದರೆ ಎಣಿಕೆ ಸೊನ್ನೆ. ಸುನ್ ಹೇಳಿದ ಉತ್ತರವೇ ಬೇರೆ ದಾರಿಯಲ್ಲಿ ಬಂತು. ಇಂದು ಜನಪ್ರಿಯವಾಗಿರುವ ವೈಜೆಎಸ್ ಲೈಬ್ರರಿ, ಯಾರ ಬದಲಾವಣೆ ಹಿಂಬಾಲಿಸಬೇಕೆಂಬ ಆಯ್ಕೆಯನ್ನು ಅಪ್ಲಿಕೇಶನ್ ಬರೆಯುವವರಿಗೇ ಬಿಡುತ್ತದೆ. 500 ಮಿಲಿಸೆಕೆಂಡಿನೊಳಗೆ ಒಂದರ ಹಿಂದೊಂದು ಬಂದ ಬದಲಾವಣೆಗಳನ್ನು, ಬೇರೇನೂ ಹೇಳದಿದ್ದರೆ, ಒಂದೇ ಹೆಜ್ಜೆಯಾಗಿಸುತ್ತದೆ. ಸಾಧನ ಉತ್ತಮ, ಆದರೆ ನಿರ್ಧಾರ ನಮ್ಮದೇ. ವಿನ್ಯಾಸ ತಂತ್ರಾಂಶ ಫಿಗ್ಮಾದ ಇವಾನ್ ವಾಲೆಸ್ 2019ರಲ್ಲಿ ಹೇಳಿದ ನಿಯಮ ಇದಕ್ಕೆ ಒಳ್ಳೆಯ ಮಾದರಿ: ಬಹಳ ಹಿಂದಕ್ಕೆ ಹೋಗಿ, ಏನನ್ನಾದರೂ ಕಾಪಿ ಮಾಡಿಕೊಂಡು, ರೀಡೂ ಒತ್ತುತ್ತ ಮರಳಿದರೆ ದಾಖಲೆ ಬದಲಾಗಿರಬಾರದು. 2024ರಲ್ಲಿ ಲಿಯೋ ಸ್ಟೀವನ್ ಮತ್ತು ಮಾರ್ಟಿನ್ ಕ್ಲೆಪ್‌ಮನ್ ಕೂಡ ಬಳಕೆಯಲ್ಲಿರುವ ತಂತ್ರಾಂಶಗಳ ನಡವಳಿಕೆಯನ್ನು ಪರಿಶೀಲಿಸಿ, ಅಲ್ಲಿಂದ ತತ್ವಗಳನ್ನು ಹೆಕ್ಕಿ, ಆಮೇಲೆ ಅಲ್ಗಾರಿದಮ್ ಕಟ್ಟಿದರು. ಸರಿಯಾದ ಕ್ರಮ ಅದೇ.

ಉಳಿದಿರುವ ದೊಡ್ಡ ಕೊರತೆ ನಮ್ಮ ಮನೆಬಾಗಿಲಲ್ಲೇ ಇದೆ. ಈ ವಿಧಾನಗಳಲ್ಲಿ ಹೆಚ್ಚಿನವು ಒಂದು ಸಂಕೇತ ಎಂದರೆ ಒಂದು ಅಕ್ಷರ ಎಂದೇ ಹೊರಡುತ್ತವೆ. ಕನ್ನಡದಲ್ಲಿ ಹಾಗಿಲ್ಲ. ನಾನು ಅವಸರದಲ್ಲಿ ‘ಸಾಹಿತಯ’ ಎಂದು ಟೈಪಿಸುತ್ತೇನೆ, ‘ಯ’ ನನ್ನ ಕೊನೆಯ ಹೆಜ್ಜೆ. ನೀವು ನಡುವೆ ಹಲಂತವೊಂದನ್ನು ಸೇರಿಸಿ ‘ಸಾಹಿತ್ಯ’ ಮಾಡುತ್ತೀರಿ. ನಾನು ಅನ್‌ಡೂ ಒತ್ತುತ್ತೇನೆ. ಉಳಿಯುವುದು ‘ಸಾಹಿತ್’. ಎಲ್ಲರ ತೆರೆಯಲ್ಲೂ ಅದೇ ಇದೆ, ಅಲ್ಗಾರಿದಮ್ ಕೂಡ ಸರಿಯೇ. ಆದರೆ ನಿಮ್ಮ ಹಲಂತಕ್ಕೆ ನನ್ನ ‘ಯ’ ಇಲ್ಲದೆ ಅರ್ಥವಿರಲಿಲ್ಲ. ಪ್ರಕಾಶ್ ಮತ್ತು ನಿಸ್ಟರ್ ಸಂಘರ್ಷ ಎಂದದ್ದು ಇಂಥ ಅವಲಂಬನೆಯನ್ನೇ.

ಕನ್ನಡಕ್ಕಾಗಿ ಎಡಿಟರ್ ಕಟ್ಟುವವರು ಸಂಘರ್ಷದ ನಿಯಮವನ್ನು ಒತ್ತಕ್ಷರದ ಮಟ್ಟದಲ್ಲಿ ಬರೆಯಬೇಕು: ಒಂದೇ ಒತ್ತಕ್ಷರದೊಳಗೆ ಇಬ್ಬರ ಕೈ ಬಿದ್ದಿದ್ದರೆ, ಅದನ್ನು ಒಡೆಯುವ ಮೊದಲು ಅನ್‌ಡೂ ತಡೆದು ಕೇಳಬೇಕು. ಅದಕ್ಕೆ ಬೇಕಾದ ಪರಿಕಲ್ಪನೆ 1992ರಿಂದಲೂ ಸಿದ್ಧವಾಗಿದೆ.