ಸೂಕ್ಷ್ಮನಾಳಗಳಲ್ಲಿ ನ್ಯಾನೋದ್ರವಗಳ ಕುದಿತ: ಉಷ್ಣ ವರ್ಗಾವಣೆಯಲ್ಲಿ ಗೋಡೆಯ ಪಾತ್ರ

ಒಂದು ಕಿಲೋಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಉಷ್ಣ ಸಾಕು. ಅದೇ ನೀರನ್ನು 100 ಡಿಗ್ರಿಯಲ್ಲಿ ಪೂರ್ತಿ ಆವಿಯಾಗಿಸಲು ಸುಮಾರು 2,257 ಕಿಲೋಜೂಲ್ ಬೇಕು. ಅತಿ ಕಿರಿದಾದ ನಾಳಗಳಲ್ಲಿ ದ್ರವವನ್ನು ಕುದಿಸಿ ಯಂತ್ರಭಾಗಗಳನ್ನು ತಂಪಾಗಿಡುವ ಯೋಚನೆಗೆ ಈ ಗುಪ್ತೋಷ್ಣವೇ ಆಧಾರ. 1981ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟಕರ್‌ಮನ್ ಮತ್ತು ಪೀಸ್ ಅವರು ಸಿಲಿಕಾನ್ ಬಿಲ್ಲೆಯಲ್ಲಿ ಸುಮಾರು 50 ಮೈಕ್ರೋಮೀಟರ್ ಅಗಲದ ನಾಳಗಳನ್ನು ಕೊರೆದು, ಅವುಗಳಲ್ಲಿ ನೀರು ಹಾಯಿಸಿ, ಪ್ರತಿ ಚದರ ಸೆಂಟಿಮೀಟರಿನಿಂದ 790 ವ್ಯಾಟ್ ಉಷ್ಣವನ್ನು ಹೊರತೆಗೆದರು. ಅವರ ಪ್ರಯೋಗದಲ್ಲಿ ನೀರು ಕುದಿಯಲಿಲ್ಲ. ಆ ನೀರನ್ನು ಕುದಿಸಿದರೆ, ಅದರಲ್ಲಿ ಘನ ಕಣಗಳನ್ನೂ ಬೆರೆಸಿದರೆ ಏನಾಗುತ್ತದೆ ಎಂಬುದು ಆ ಬಳಿಕದ ಸಂಶೋಧನೆಯ ವಿಷಯ.

ನಾಳ ಕಿರಿದಾದಂತೆ ಕುದಿತದ ಸ್ವರೂಪವೇ ಬದಲಾಗುತ್ತದೆ. ಸತೀಶ್ ಕಾಂಡ್ಲೀಕರ್ ಸೂಚಿಸಿದ ವರ್ಗೀಕರಣದ ಪ್ರಕಾರ 3 ಮಿಲಿಮೀಟರಿನಿಂದ 200 ಮೈಕ್ರೋಮೀಟರಿನವರೆಗಿನವು ಕಿರುನಾಳಗಳು, ಅದಕ್ಕಿಂತ ಕಿರಿದಾಗಿ 10 ಮೈಕ್ರೋಮೀಟರಿನವರೆಗಿನವು ಸೂಕ್ಷ್ಮನಾಳಗಳು. ಕುದಿಯುವ ನೀರಿನಲ್ಲಿ ಮೇಲ್ಮೈ ಕರ್ಷಣವೂ ಗುರುತ್ವವೂ ಸರಿದೂಗುವ ಅಳತೆ ಸುಮಾರು 2.5 ಮಿಲಿಮೀಟರ್. ನಾಳ ಇದಕ್ಕಿಂತ ಬಹಳ ಸಣ್ಣದಾದಾಗ ಗುಳ್ಳೆಗೆ ಮೇಲೇಳಲು ಜಾಗವಿರುವುದಿಲ್ಲ. ಅದು ನಾಳದ ಅಡ್ಡಗಲವನ್ನೆಲ್ಲ ತುಂಬಿ, ಬಳಿಕ ಉದ್ದಕ್ಕೆ ಚಾಚುತ್ತದೆ. ಗುಳ್ಳೆಗೂ ಗೋಡೆಗೂ ನಡುವೆ ತೆಳುವಾದ ದ್ರವಪದರವೊಂದು ಉಳಿಯುತ್ತದೆ. ಉಷ್ಣದ ಬಹುಪಾಲು ದಾಟುವುದು ಈ ಪದರ ಆವಿಯಾಗುವುದರ ಮೂಲಕ. ಪದರ ಹರಿದು ಗೋಡೆ ಒಣಗಿತೆಂದರೆ ತಾಪ ಒಮ್ಮೆಲೇ ಜಿಗಿಯುತ್ತದೆ. ಹಾಗಾಗುವ ಮೊದಲು ಗೋಡೆಯಿಂದ ತೆಗೆಯಬಹುದಾದ ಗರಿಷ್ಠ ಉಷ್ಣದ ಪ್ರಮಾಣವೇ ಕ್ರಾಂತಿಕ ಉಷ್ಣ ಪ್ರವಾಹ. ಸಾಧನದ ಸುರಕ್ಷಿತ ಮಿತಿಯನ್ನು ನಿರ್ಧರಿಸುವುದು ಇದೇ.

ನೂರು ನ್ಯಾನೋಮೀಟರಿಗಿಂತ ಸಣ್ಣ ಕಣಗಳು ತೇಲುವ ದ್ರವಕ್ಕೆ ನ್ಯಾನೋದ್ರವ ಎಂಬ ಹೆಸರನ್ನು 1995ರಲ್ಲಿ ಕೊಟ್ಟವರು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್. ತಾಮ್ರ, ಅಲ್ಯೂಮಿನಾಗಳ ಉಷ್ಣವಾಹಕತೆ ನೀರಿಗಿಂತ ಬಹಳ ಹೆಚ್ಚು. ಆದ್ದರಿಂದ ಬೆರಕೆಯ ವಾಹಕತೆಯೂ ಏರಬೇಕೆಂಬುದು ಮೊದಲ ತರ್ಕ. ಏರುವುದು ನಿಜ, ಆದರೆ ಅಲ್ಪ. ಗಾತ್ರದಲ್ಲಿ ಶೇಕಡಾ 1ರಷ್ಟು ಕಣಗಳಿದ್ದರೆ ಮ್ಯಾಕ್ಸ್‌ವೆಲ್ ಸಿದ್ಧಾಂತ ಹೇಳುವ ಏರಿಕೆ ಸುಮಾರು ಶೇಕಡಾ 3. ಇದನ್ನು ಮೀರಿದ ಅಸಾಧಾರಣ ಏರಿಕೆಯ ವರದಿಗಳು ಹಲವು ಬಂದವು. ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ಮಾದರಿಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ ಅಂಥ ಅಸಾಧಾರಣ ಏರಿಕೆ ಕಾಣಲಿಲ್ಲ. ಹೀಗಾಗಿ ಕುದಿತದ ಪರಿಣಾಮಗಳಿಗೆ ಕಾರಣವನ್ನು ವಾಹಕತೆಯಲ್ಲಿ ಹುಡುಕುವುದು ಸರಿಯಲ್ಲ.

ಪಾತ್ರೆಯಲ್ಲಿ ನಿಂತ ದ್ರವದ ಕುದಿತವನ್ನು ಕುರಿತು 2003ರಲ್ಲಿ ಬಂದ ಎರಡು ವರದಿಗಳು ಒಂದಕ್ಕೊಂದು ವಿರುದ್ಧವೆಂದು ತೋರಿದವು. ಮದ್ರಾಸ್ ಐಐಟಿಯ ಸರಿತ್ ಕುಮಾರ್ ದಾಸ್ ಮತ್ತು ಸಂಗಡಿಗರಿಗೆ, ಅಲ್ಯೂಮಿನಾ ಬೆರೆಸಿದ ನೀರಿನಲ್ಲಿ ಕಣಗಳು ಹೆಚ್ಚಿದಂತೆ ಉಷ್ಣ ವರ್ಗಾವಣೆ ಕುಗ್ಗುವುದು ಕಂಡಿತು. ಯೂ ಮತ್ತು ಸಂಗಡಿಗರಿಗೆ, ಲೀಟರಿಗೆ 0.05 ಗ್ರಾಮಿನಷ್ಟು ಅಲ್ಪ ಕಣಗಳಿಂದಲೇ ಕ್ರಾಂತಿಕ ಉಷ್ಣ ಪ್ರವಾಹ ಸುಮಾರು ಮೂರು ಪಟ್ಟಾಗುವುದು ಕಂಡಿತು. ವಾಸ್ತವದಲ್ಲಿ ಇಬ್ಬರೂ ಅಳೆದದ್ದು ಬೇರೆ ಬೇರೆ ಸಂಗತಿಗಳನ್ನು, ಮತ್ತು ಎರಡಕ್ಕೂ ಮೂಲ ಒಂದೇ: ಗೋಡೆಯ ಮೇಲೆ ಕೂರುವ ಕಣಪದರ. ಗಡಸು ನೀರು ಕಾಯಿಸುವ ಹಂಡೆಯ ತಳದಲ್ಲಿ ಸುಣ್ಣ ಕಟ್ಟುವಂತೆ, ಗುಳ್ಳೆಯ ಬುಡದಲ್ಲಿ ನೀರು ಆವಿಯಾದಾಗ ಕಣಗಳು ಅಲ್ಲಿಯೇ ಉಳಿದು ಪದರವಾಗುತ್ತವೆ. ಕಣಗಳು ಗೋಡೆಯ ಸಣ್ಣ ಕುಳಿಗಳನ್ನು ಮುಚ್ಚಿದರೆ ಗುಳ್ಳೆ ಹುಟ್ಟುವ ತಾಣಗಳು ಕಡಿಮೆಯಾಗುತ್ತವೆ, ವರ್ಗಾವಣೆ ಕುಗ್ಗುತ್ತದೆ. ಆದರೆ ಅದೇ ರಂಧ್ರಮಯ ಪದರ ನೀರನ್ನು ಹೀರಿ ಹರಡುವುದರಿಂದ ಗೋಡೆ ಒಣಗುವುದು ತಡವಾಗುತ್ತದೆ. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸಂಶೋಧಕರು 2007ರಲ್ಲಿ, ಇಂಥ ಪದರದ ಮೇಲೆ ನೀರಿನ ಸ್ಪರ್ಶಕೋನ ಗಣನೀಯವಾಗಿ ಇಳಿಯುವುದನ್ನು, ಅಂದರೆ ನೀರು ಹೆಚ್ಚು ಹರಡುವುದನ್ನು ತೋರಿಸಿದರು. ಕಣಪದರ ಕಟ್ಟಿದ ತಂತಿಯನ್ನು ಶುದ್ಧ ನೀರಿನಲ್ಲಿಟ್ಟು ಕಾಯಿಸಿದಾಗಲೂ ಕ್ರಾಂತಿಕ ಪ್ರವಾಹ ಏರುವುದು ಇನ್ನೂ ಬಲವಾದ ಸಾಕ್ಷ್ಯ. ಕೆಲಸ ಮಾಡುತ್ತಿರುವುದು ತೇಲುವ ಕಣಗಳಲ್ಲ, ಕೂತ ಕಣಗಳು.

ಸೂಕ್ಷ್ಮನಾಳದಲ್ಲಿ ಈ ಕಣಪದರವೇ ಅಪಾಯವೂ ಆಗುತ್ತದೆ. ಪಾತ್ರೆಯ ತಳದಲ್ಲಿ ಕೆಲವು ಮೈಕ್ರೋಮೀಟರ್ ದಪ್ಪದ ಪದರ ಲೆಕ್ಕಕ್ಕೆ ಬಾರದು. 100 ಮೈಕ್ರೋಮೀಟರ್ ನಾಳದಲ್ಲಿ ಅದು ಹರಿವಿನ ದಾರಿಯನ್ನೇ ಕಿರಿದಾಗಿಸುತ್ತದೆ. ಪರ್ಡ್ಯೂ ವಿಶ್ವವಿದ್ಯಾಲಯದ ಲೀ ಮತ್ತು ಮುದಾವರ್ 2007ರಲ್ಲಿ ಅಲ್ಯೂಮಿನಾ ನ್ಯಾನೋದ್ರವವನ್ನು ಸೂಕ್ಷ್ಮನಾಳಗಳಲ್ಲಿ ಪರೀಕ್ಷಿಸಿದರು. ಕುದಿಯದ ಹರಿವಿನಲ್ಲಿ ಸ್ವಲ್ಪ ಲಾಭ ಕಂಡಿತು. ಕುದಿತ ಆರಂಭವಾದೊಡನೆ ಕಣಗಳು ನಾಳದ ಹೊರಬಾಯಿಯ ಬಳಿ ದೊಡ್ಡ ಗಂಟುಗಳಾಗಿ ಶೇಖರವಾಗಿ, ಹರಿವು ಕಟ್ಟಿ, ತಂಪಾಗಿಸುವ ಕ್ರಿಯೆಯೇ ವಿಫಲವಾಯಿತು. ಕಾರಣ ಸ್ಪಷ್ಟ: ಹೊರಬಾಯಿಯತ್ತ ಸಾಗಿದಂತೆ ನೀರು ಕಡಿಮೆಯಾಗುತ್ತದೆ, ಕಣಗಳು ಅಷ್ಟೇ ಇರುತ್ತವೆ, ಸಾಂದ್ರೀಕರಣ ಏರುತ್ತಲೇ ಹೋಗುತ್ತದೆ. ಸ್ನಿಗ್ಧತೆ ಹೆಚ್ಚಿ ಪಂಪಿನ ಹೊರೆಯೂ ಏರುತ್ತದೆ. ಸಮಾಂತರ ನಾಳಗಳಲ್ಲಿ ಒಂದು ಕಟ್ಟಿದರೆ ದ್ರವ ಉಳಿದವುಗಳ ಕಡೆ ತಿರುಗಿ, ಕಟ್ಟಿದ ನಾಳ ಬೇಗ ಒಣಗುತ್ತದೆ.

ಇದರಿಂದ ಪ್ರಯೋಗಗಳನ್ನು ಓದುವ ಬಗೆಯೂ ಬದಲಾಗಬೇಕು. ಪದರ ಬೆಳೆಯುತ್ತಲೇ ಇರುವುದರಿಂದ ಮೊದಲ ಗಂಟೆಯ ಅಳತೆಯೂ ಹತ್ತನೆಯ ಗಂಟೆಯ ಅಳತೆಯೂ ಒಂದೇ ಮೇಲ್ಮೈಗೆ ಸೇರಿದವಲ್ಲ. ಕಣದ ಗಾತ್ರ ಮತ್ತು ಪ್ರಮಾಣಗಳನ್ನಷ್ಟೇ ಕೊಟ್ಟು, ಗೋಡೆಯ ಒರಟುತನ, ಸ್ಪರ್ಶಕೋನ, ಕುದಿತದ ಅವಧಿಗಳನ್ನು ಬಿಟ್ಟ ವರದಿಗಳನ್ನು ಪರಸ್ಪರ ಹೋಲಿಸಲಾಗದು. ನ್ಯಾನೋದ್ರವದ ಪ್ರಯೋಗ ಮುಗಿದ ಮೇಲೆ ಅದೇ ನಾಳದಲ್ಲಿ ಶುದ್ಧ ದ್ರವವನ್ನು ಕುದಿಸಿ ನೋಡುವುದು ಕಡ್ಡಾಯವಾಗಬೇಕು. ದ್ರವದ ಪಾಲೆಷ್ಟು, ಗೋಡೆಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲು ಇದಕ್ಕಿಂತ ನೇರವಾದ ಪರೀಕ್ಷೆಯಿಲ್ಲ. ಬಳಕೆಯ ದೃಷ್ಟಿಯಿಂದ ನೋಡಿದರೆ, ದೀರ್ಘಕಾಲ ದುಡಿಯಬೇಕಾದ ಸೂಕ್ಷ್ಮನಾಳಗಳಲ್ಲಿ ಕಣಗಳನ್ನು ದ್ರವದೊಡನೆ ಸುತ್ತಿಸುವುದಕ್ಕಿಂತ, ಮೊದಲೇ ಗೋಡೆಗೆ ತೆಳುವಾದ ರಂಧ್ರಮಯ ಲೇಪ ಕೊಟ್ಟು ಶುದ್ಧ ದ್ರವವನ್ನು ಹರಿಸುವುದೇ ಸರಿಯಾದ ಮಾರ್ಗ.